2017ರ ಹೋಂಡಾ ಸಿಟಿ ಪೆಟ್ರೋಲ್‌ಗೆ ಯಾವ ಸಿಂಥೆಟಿಕ್ ಆಯಿಲ್? ಮೆಕ್ಯಾನಿಕ್ 0ಡಬ್ಲ್ಯು-20 ‘ಬರೀ ನೀರು’ ಅಂತಾರೆ

#1 ಬನಶಂಕರಿ_ಸಿಟಿ

ಕಾರು ಹೋಂಡಾ ಸಿಟಿ 1.5 ಐ-ವಿಟೆಕ್ ಪೆಟ್ರೋಲ್, 2017, ಮ್ಯಾನ್ಯುಯಲ್ ಗೇರ್. 71,000 ಕಿ.ಮೀ. ಓಡಿದೆ. ವಾರಕ್ಕೆ ಐದು ದಿನ ಬನಶಂಕರಿ–ಮಾರತ್ತಹಳ್ಳಿ, ತಿಂಗಳಿಗೊಮ್ಮೆ ಶಿರಾಡಿ ಇಳಿದು ಮಂಗಳೂರು. ವಾರಂಟಿ ಮುಗಿದಿರೋದ್ರಿಂದ ಈ ಸಲ ಹೊರಗಿನ ಗ್ಯಾರೇಜಿನಲ್ಲಿ ಆಯಿಲ್ ಚೇಂಜ್.

ಕಾರಿನ ಪುಸ್ತಕದಲ್ಲಿ 0ಡಬ್ಲ್ಯು-20 ಅಂತಿದೆ. ಮೆಕ್ಯಾನಿಕ್ ಹೇಳೋದು, “ಅದು ಜಪಾನ್ ಚಳಿಗೆ ಮಾಡಿದ್ದು ಸರ್, ನಮ್ಮ ಬಿಸಿಲಿಗೆ ನೀರಾಗಿಬಿಡುತ್ತೆ, 10ಡಬ್ಲ್ಯು-40 ಹಾಕೋಣ.” ಸ್ಪೇರ್ಸ್ ಅಂಗಡಿಯವರು 5ಡಬ್ಲ್ಯು-30 ‘ಫುಲ್ಲಿ ಸಿಂಥೆಟಿಕ್’ ಕೈಗಿಡ್ತಾರೆ. ಮೂರರಲ್ಲಿ ಯಾವುದು? ಸಿಂಥೆಟಿಕ್ ಹಾಕಿದ್ರೆ 15,000 ಕಿ.ಮೀ. ತನಕ ಬಿಡಬಹುದಾ? ಬ್ರ್ಯಾಂಡ್ ಎಷ್ಟು ಮುಖ್ಯ?

#2 ಘಾಟಿ_ಸವಾರ

ಪುಸ್ತಕದಲ್ಲಿರೋದನ್ನೇ ಹಾಕಿ. ಮುಗೀತು.

#3 ತೆಳುಗಟ್ಟಿ

ಘಾಟಿ ಅಣ್ಣ ಹೇಳಿದ ಉತ್ತರ ಸರಿ. ಆದ್ರೆ ಯಾಕೆ ಅಂತ ಗೊತ್ತಿಲ್ಲದಿದ್ರೆ ಮುಂದಿನ ಸರ್ವಿಸ್‌ಗೆ ಮತ್ತೆ ಇದೇ ಮಾತು ಬರುತ್ತೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

‘0ಡಬ್ಲ್ಯು’ ಅಂದ್ರೆ ಸೊನ್ನೆ ಡಿಗ್ರಿಗೆ ಮಾಡಿದ ಎಣ್ಣೆ ಅಂತ ಅಲ್ಲ. ಡಬ್ಲ್ಯು ಅಂದ್ರೆ ವಿಂಟರ್. ಎಸ್‌ಎಇ ಜೆ300 ಅನ್ನೋ ಮಾನದಂಡದಲ್ಲಿ 0ಡಬ್ಲ್ಯು ಎಣ್ಣೆಯನ್ನ ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯು ಎಣ್ಣೆಯನ್ನ ಮೈನಸ್ 30ರಲ್ಲಿ, 10ಡಬ್ಲ್ಯು ಎಣ್ಣೆಯನ್ನ ಮೈನಸ್ 25ರಲ್ಲಿ ಪರೀಕ್ಷೆ ಮಾಡ್ತಾರೆ. ಅಷ್ಟು ಚಳಿಯಲ್ಲಿ ಕ್ರ್ಯಾಂಕ್ ತಿರುಗುವಷ್ಟು ತೆಳುವಾಗಿ ಉಳಿಯಬೇಕು, ಅಷ್ಟೇ ಅದರ ಅರ್ಥ. ಬಿಸಿ ಎಂಜಿನ್ನಿನಲ್ಲಿ ಎಣ್ಣೆ ಎಷ್ಟು ಗಟ್ಟಿ ಅನ್ನೋದನ್ನ ಹೇಳೋದು ಎರಡನೇ ಸಂಖ್ಯೆ. 100 ಡಿಗ್ರಿಯಲ್ಲಿ 20 ಗ್ರೇಡ್ ಅಂದ್ರೆ 6.9ರಿಂದ 9.3 ಸೆಂಟಿಸ್ಟೋಕ್ (ಎಣ್ಣೆಯ ಗಟ್ಟಿತನದ ಅಳತೆ), 30 ಗ್ರೇಡ್ 9.3ರಿಂದ 12.5, 40 ಗ್ರೇಡ್ 12.5ರಿಂದ 16.3.

ಈಗ ‘ನಮ್ಮ ಬಿಸಿಲು’ ವಿಷಯ. ಬೆಂಗಳೂರಿನಲ್ಲಿ 34 ಡಿಗ್ರಿ ಇರಲಿ, ಟೋಕಿಯೋದಲ್ಲಿ 5 ಡಿಗ್ರಿ ಇರಲಿ, ಥರ್ಮೋಸ್ಟಾಟ್ ಕೂಲೆಂಟನ್ನ ಹೆಚ್ಚುಕಡಿಮೆ 80–95ರ ಆಸುಪಾಸಿನಲ್ಲೇ ಇಡುತ್ತೆ. ಮಾಮೂಲಿ ಓಡಾಟದಲ್ಲಿ ಎಣ್ಣೆ 90–110ರಲ್ಲಿರುತ್ತೆ. ಹೊರಗಿನ ಬಿಸಿಲಿಗೆ ಎಣ್ಣೆ ನೀರಾಗಲ್ಲ. ಹೊರಗಿನ ಹವೆ ನಿಜವಾಗಿ ಲೆಕ್ಕಕ್ಕೆ ಬರೋದು ಬೆಳಿಗ್ಗೆ ಕೀ ತಿರುಗಿಸಿದ ಮೊದಲ ಕೆಲವು ಸೆಕೆಂಡು. ಅಲ್ಲಿ ಗೆಲ್ಲೋದು ತೆಳು ಎಣ್ಣೆಯೇ, ಯಾಕಂದ್ರೆ ಅದು ಕ್ಯಾಮ್ ತನಕ ಬೇಗ ಏರುತ್ತೆ. 40 ಡಿಗ್ರಿಯಲ್ಲಿ ಸಾಧಾರಣ 0ಡಬ್ಲ್ಯು-20 ಎಣ್ಣೆ 40–45 ಸೆಂಟಿಸ್ಟೋಕ್ ಇದ್ರೆ 10ಡಬ್ಲ್ಯು-40 ಅದರ ಎರಡು ಪಟ್ಟು ಗಟ್ಟಿ.

#4 ಹುಬ್ಬಳ್ಳಿ_ಗ್ಯಾರೇಜ್

ಸರ, 0ಡಬ್ಲ್ಯು-20 ಕೆಟ್ಟದ್ದಂತ ನಾ ಹೇಳಂಗಿಲ್ಲ. ಆದ್ರ ಎಲ್ಲಾನೂ ಬೆಂಗಳೂರಿನ ಲೆಕ್ಕದಾಗ ಹೇಳಬ್ಯಾಡ್ರಿ. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳದಾಗ 42–43 ಡಿಗ್ರಿ. ಐದು ಮಂದಿ, ಎ.ಸಿ., ಡಿಕ್ಕಿ ತುಂಬ ಸಾಮಾನು, ಹೈವೇದಾಗ ತಾಸಿಗೆ 110. ಹಂಗ ಎರಡು ತಾಸು ಓಡಿಸಿದ್ರ ಎಣ್ಣಿ 120 ದಾಟತೈತಿ. ಕೂಲೆಂಟ್ ಹಿಡದಂಗ ಥರ್ಮೋಸ್ಟಾಟ್ ಎಣ್ಣಿನ ಹಿಡಿಯಂಗಿಲ್ಲ, ಭಾಳ ಪೆಟ್ರೋಲ್ ಕಾರಿಗೆ ಆಯಿಲ್ ಕೂಲರ್ ಇರಂಗಿಲ್ರಿ. ಅಂಥಾ ಕಡೆ ಬೇರಿಂಗಿನಾಗ ಪದರ ಉಳಿಬೇಕಂದ್ರ 30 ಗ್ರೇಡ್ ಹಾಕೂದ್ರಾಗ ಏನ್ ತಪ್ಪೈತಿ?

#5 ತೆಳುಗಟ್ಟಿ

ತಪ್ಪೇನಿಲ್ಲ ಸರ್, ನಿಮ್ಮ ಮಾತು ಒಪ್ತೀನಿ. ಎಣ್ಣೆ ಬಿಸಿಗೆ ಕೂಲೆಂಟಿನಷ್ಟು ಕಟ್ಟುನಿಟ್ಟಿನ ಕಡಿವಾಣ ಇಲ್ಲ ಅನ್ನೋದನ್ನ ನಾನು ಬಿಟ್ಟಿದ್ದೆ. ಅಲ್ಲಿ ನೋಡಬೇಕಾದ ಸಂಖ್ಯೆ ಬೇರೆ ಇದೆ: ಎಚ್‌ಟಿಎಚ್‌ಎಸ್. ಬೇರಿಂಗ್ ಮತ್ತು ಜರ್ನಲ್ ನಡುವೆ ಎಣ್ಣೆ ಜೋರಾಗಿ ಉಜ್ಜಿಸಿಕೊಳ್ಳುವಾಗ ಎಷ್ಟು ಗಟ್ಟಿ ಉಳಿಯುತ್ತೆ ಅಂತ 150 ಡಿಗ್ರಿಯಲ್ಲಿ ಅಳೀತಾರೆ. 20 ಗ್ರೇಡ್‌ಗೆ ಕನಿಷ್ಠ 2.6, 30 ಗ್ರೇಡ್‌ಗೆ 2.9, 10ಡಬ್ಲ್ಯು-40ಗೆ 3.5.

ಎಲ್ಲರೂ ಎಡವೋದು ಇಲ್ಲೇ. ಎರಡು 5ಡಬ್ಲ್ಯು-30 ಒಂದೇ ಅಲ್ಲ. ಎಪಿಐ ಎಸ್‌ಪಿ, ಐಎಲ್‌ಸ್ಯಾಕ್ ಜಿಎಫ್-6ಎ (ಎಣ್ಣೆಯ ಗುಣಮಟ್ಟದ ದರ್ಜೆಗಳು) ಅಂತ ಬರೆದಿರೋ 5ಡಬ್ಲ್ಯು-30ರಲ್ಲಿ ಎಚ್‌ಟಿಎಚ್‌ಎಸ್ ಸಾಮಾನ್ಯವಾಗಿ 3ರ ಆಸುಪಾಸು. ಯುರೋಪಿನ ಎಸಿಇಎ ದರ್ಜೆ ಎ3/ಬಿ4 ಅಥವಾ ಸಿ3 ಅಂತಿರೋ 5ಡಬ್ಲ್ಯು-30ರಲ್ಲಿ 3.5ಕ್ಕಿಂತ ಕಡಿಮೆ ಇರೋ ಹಾಗೇ ಇಲ್ಲ. ಕ್ಯಾನಿನ ಮುಂದುಗಡೆ ಎರಡರ ಮೇಲೂ ‘5ಡಬ್ಲ್ಯು-30 ಫುಲ್ಲಿ ಸಿಂಥೆಟಿಕ್’ ಅಂತಾನೇ ದೊಡ್ಡದಾಗಿರುತ್ತೆ. ವ್ಯತ್ಯಾಸ ಇರೋದು ಹಿಂದುಗಡೆ ಸಣ್ಣ ಅಕ್ಷರದಲ್ಲಿ.

ಕಲಬುರಗಿ ಬಿಸಿಲಲ್ಲಿ ಲೋಡ್ ಹಾಕಿ ಹೈವೇ ಓಡಿಸೋ ಸಿಟಿಗೆ ಎಪಿಐ ಎಸ್‌ಪಿ 5ಡಬ್ಲ್ಯು-30 ಹಾಕಿದ್ರೆ ನನ್ನ ತಕರಾರಿಲ್ಲ. ಮಾರತ್ತಹಳ್ಳಿ ಟ್ರಾಫಿಕ್ಕಿಗೆ 0ಡಬ್ಲ್ಯು-20 ಸಾಕು. 10ಡಬ್ಲ್ಯು-40 ಮಾತ್ರ ಇಬ್ಬರಿಗೂ ಬೇಡ.

#6 ಹುಬ್ಬಳ್ಳಿ_ಗ್ಯಾರೇಜ್

10ಡಬ್ಲ್ಯು-40 ಬ್ಯಾಡ ಅನ್ನೂದಕ್ಕ ನನ್ನ ಕಡೆಯಿಂದ ಇನ್ನೊಂದು ಕಾರಣ ಬರಕೋರಿ. ಐ-ವಿಟೆಕ್ ಎಂಜಿನ್ನಿನಾಗ ರಾಕರ್ ಆರ್ಮ್ ಜೋಡಸೂ ಪಿನ್ ಸರಿಯೂದ ಎಣ್ಣಿ ಒತ್ತಡದಿಂದ. ಹೆಡ್ಡಿನ ಬದೀಗೆ ಒಂದು ಸೊಲೆನಾಯ್ಡ್ ವಾಲ್ವ್, ಅದರ ಬುಡಕ್ಕ ಸಣ್ಣ ಜಾಳಿಗಿ ಇರತೈತಿ. ಎಣ್ಣಿ ಭಾಳ ಗಟ್ಟಿ ಇದ್ರ, ಇಲ್ಲಾ ಕೆಸರಾಗಿ ಆ ಜಾಳಿಗಿ ಕಟ್ಟಿಕೊಂಡ್ರ, ಇಲ್ಲಾ ಎಣ್ಣಿ ಮಟ್ಟ ಇಳದ್ರ, ಒತ್ತಡ ವ್ಯಾಳ್ಯಾಕ್ಕ ಮುಟ್ಟಂಗಿಲ್ಲ. ಚೆಕ್ ಎಂಜಿನ್ ಲೈಟ್ ಹತ್ತಿ ಪಿ2646, ಪಿ2647 ಕೋಡ್ ಬರತಾವು. ಮಂದಿ ಸೀದಾ ಸೊಲೆನಾಯ್ಡ್ ಬದಲಿ ಮಾಡಸ್ತಾರ. ಮದಲ ಡಿಪ್‌ಸ್ಟಿಕ್ (ಎಣ್ಣಿ ಮಟ್ಟ ನೋಡೂ ಕಡ್ಡಿ) ತಗದು ನೋಡ್ರಿ, ಆಮ್ಯಾಲ ಜಾಳಿಗಿ ಬಿಚ್ಚಿ ತೊಳೀರಿ, ಆಮ್ಯಾಲ ಹೊಸಾದರ ಮಾತು.

#7 ಕಡಲ_ರಸ್ತೆ

ನಮ್ಮಲ್ಲಿ ಒಬ್ರು ಲಾರಿಗೆ ಹಾಕುವ 15ಡಬ್ಲ್ಯು-40 ಡೀಸೆಲ್ ಆಯಿಲನ್ನೇ ಪೆಟ್ರೋಲ್ ಕಾರಿಗೆ ಹಾಕ್ಲಿಕ್ಕೆ ಹೇಳ್ತಾರೆ ಮಾರಾಯ್ರೆ. ಅದ್ರಲ್ಲಿ ಸವಕಳಿ ತಡೆಯುವ ಮದ್ದು ಜಾಸ್ತಿ ಉಂಟಂತೆ, ಎಂಜಿನಿಗೆ ಒಳ್ಳೇದಂತೆ. ಹೌದಾ?

#8 ತೆಳುಗಟ್ಟಿ

ಮದ್ದು ಜಾಸ್ತಿ ಇರೋದು ನಿಜ, ತೊಂದರೆಯೂ ಅದೇ. ಸವಕಳಿ ತಡೆಯೋದು ಜಿಂಕ್-ಫಾಸ್ಫರಸ್ ಸಂಯುಕ್ತ. ಎಂಜಿನ್ ಸ್ವಲ್ಪ ಸ್ವಲ್ಪ ಎಣ್ಣೆ ಸುಡುತ್ತಲೇ ಇರುತ್ತೆ, ಆ ಫಾಸ್ಫರಸ್ ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಕೂರುತ್ತೆ. ಅದಕ್ಕೇ ಪೆಟ್ರೋಲ್ ಕಾರುಗಳ 20, 30 ಗ್ರೇಡ್ ಎಣ್ಣೆಗೆ ಫಾಸ್ಫರಸ್ ಶೇ. 0.06ರಿಂದ 0.08ರೊಳಗೆ ಇರಬೇಕು ಅಂತ ಕಟ್ಟಳೆ. ಲಾರಿ ಎಣ್ಣೆಗೆ ಆ ಬಿಗಿ ಇಲ್ಲ. ಕನ್ವರ್ಟರ್ ಹಾಳಾದ್ರೆ ಅದರ ಬೆಲೆಗೆ ಎಷ್ಟೋ ವರ್ಷದ ಎಣ್ಣೆ ಬರುತ್ತೆ.

#9 ಸ್ಟುಟ್‌ಗಾರ್ಟ್_ಕನ್ನಡಿಗ

‘ಫುಲ್ಲಿ ಸಿಂಥೆಟಿಕ್’ ಅನ್ನೋ ಪದದ ಬಗ್ಗೆ ಯಾರೂ ಹೇಳಿಲ್ಲ, ಅದನ್ನ ನಾನು ಸೇರಿಸ್ತೀನಿ.

ಮೂಲ ಎಣ್ಣೆಯನ್ನ ಎಪಿಐ ಐದು ಗುಂಪು ಮಾಡಿದೆ. ಒಂದು, ಎರಡು, ಮೂರನೇ ಗುಂಪು ಕಚ್ಚಾ ತೈಲದಿಂದಲೇ ಬರುತ್ತವೆ, ಶುದ್ಧೀಕರಣ ಮಾತ್ರ ಮೇಲೆ ಮೇಲೆ ಹೆಚ್ಚುತ್ತೆ. ಮೂರನೆಯದರಲ್ಲಿ ಹೈಡ್ರೋಜನ್ ಜೊತೆ ಬೇಯಿಸಿ ಅಣುಗಳನ್ನೇ ಮರುಜೋಡಿಸ್ತಾರೆ, ಸ್ನಿಗ್ಧತಾ ಸೂಚ್ಯಂಕ (ಇದು ಹೆಚ್ಚಿದ್ದಷ್ಟೂ ಬಿಸಿ-ಚಳಿಗೆ ಗಟ್ಟಿತನ ಕಡಿಮೆ ಬದಲಾಗುತ್ತೆ) 120 ಮತ್ತು ಮೇಲೆ. ನಾಲ್ಕನೆಯದು ಪಿಎಒ, ರಾಸಾಯನಿಕವಾಗಿ ಕಟ್ಟಿದ್ದು. ಐದನೆಯದು ಎಸ್ಟರ್ ಮುಂತಾದ ಉಳಿದೆಲ್ಲ. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಜಾಹೀರಾತಿನ ವ್ಯಾಜ್ಯ ಆಗಿ, ಮೂರನೇ ಗುಂಪನ್ನೂ ಸಿಂಥೆಟಿಕ್ ಅನ್ನಬಹುದು ಅಂತ ತೀರ್ಮಾನ ಬಂತು. ಅಲ್ಲಿಂದಾಚೆ ಬಹುತೇಕ ದೇಶಗಳಲ್ಲಿ ಇದೇ ರೂಢಿ. ಜರ್ಮನಿಯಲ್ಲಿ ಮಾತ್ರ ಮೂರನೇ ಗುಂಪಿನ ಎಣ್ಣೆಗೆ ‘ಫೋಲ್‌ಸಿಂಥೆಟಿಶ್’ ಅನ್ನೋ ಹಾಗಿಲ್ಲ, ಕ್ಯಾನಿನ ಮೇಲೆ ‘ಎಚ್‌ಸಿ-ಸಿಂಥೆಸೆ’ ಅಂತ ಬರೀತಾರೆ. ಶೆಲ್ ಹೀಲಿಕ್ಸ್ ಅಲ್ಟ್ರಾ ಇನ್ನೊಂದು ದಾರಿ, ಅದರ ಮೂಲ ಎಣ್ಣೆ ಕತಾರಿನ ಘಟಕದಲ್ಲಿ ನೈಸರ್ಗಿಕ ಅನಿಲದಿಂದ ತಯಾರಾಗುತ್ತೆ.

#10 ಮಂಡ್ಯ_ಮೈಲೇಜ್

ಹಾಗಾದ್ರೆ ನಮಗೆ ಮಾರ್ತಿರೋದು ಮೋಸ ಅಂತಾಯ್ತಲ್ಲ ಗುರು. ಮಿನರಲ್ ಎಣ್ಣೆಗೆ ಸಿಂಥೆಟಿಕ್ ರೇಟು!

#11 ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲ ಸರ್, ಹಾಗಲ್ಲ. ಮೂರನೇ ಗುಂಪಿನ ಒಳ್ಳೆ ಎಣ್ಣೆ ಮನೆ ಕಾರಿಗೆ ಧಾರಾಳ ಸಾಕು. 0ಡಬ್ಲ್ಯು-20 ಗ್ರೇಡನ್ನ ಒಂದನೇ ಗುಂಪಿನ ಎಣ್ಣೆಯಿಂದ ಮಾಡೋಕೇ ಆಗಲ್ಲ. ಅಷ್ಟು ತೆಳು ಮಾಡಿದ್ರೆ ಆವಿಯಾಗಿ ಹೋಗುತ್ತೆ. ನೋಆಕ್ ಅನ್ನೋ ಪರೀಕ್ಷೆಯಲ್ಲಿ 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಎಷ್ಟು ಆವಿಯಾಯ್ತು ಅಂತ ನೋಡ್ತಾರೆ. ಜಿಎಫ್-6 ಎಣ್ಣೆಗೆ ಗರಿಷ್ಠ ಶೇ. 15, ಮರ್ಸಿಡಿಸ್ 229.5 ಅನುಮೋದನೆಗೆ ಶೇ. 10. ಟಾಪ್-ಅಪ್ ಕಡಿಮೆ ಬೇಕು ಅನ್ನೋರು ‘ಸಿಂಥೆಟಿಕ್’ ಪದ ಬಿಟ್ಟು ಡೇಟಾ ಶೀಟಿನಲ್ಲಿ ನೋಆಕ್ ಹುಡುಕಿ. ಕಂಪನಿಗಳ ಜಾಲತಾಣದಲ್ಲಿ ಸಿಗುತ್ತೆ.

ಇನ್ನೊಂದು ಮಾತು. ‘ಮೀಟ್ಸ್ ಎಂಬಿ 229.5’ ಬೇರೆ, ‘ಎಂಬಿ ಅಪ್ರೂವಲ್ 229.5’ ಬೇರೆ. ಮೊದಲನೆಯದು ಎಣ್ಣೆ ಕಂಪನಿಯ ಸ್ವಂತ ಮಾತು. ಎರಡನೆಯದಕ್ಕೆ ಕಾರು ಕಂಪನಿಯೇ ಪರೀಕ್ಷೆ ನೋಡಿ ಒಪ್ಪಿಗೆ ಕೊಟ್ಟಿರುತ್ತೆ. ನಿಮ್ಮ ಸಿಟಿಗೆ ಇದು ಬೇಕಿಲ್ಲ, ಫೋಕ್ಸ್‌ವ್ಯಾಗನ್, ಸ್ಕೋಡಾ, ಬಿಎಂಡಬ್ಲ್ಯು ಇರೋರಿಗೆ ಬೇಕು.

#12 ಬಿಎಸ್6_ಡೀಸೆಲ್

ಡೀಸೆಲ್ ಕಾರಿಗೂ ಇದೇ ಲೆಕ್ಕಾನಾ? ನಮ್ಮದು 2021, ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇದೆ. ಅಂಗಡಿಯವರು ಎ3/ಬಿ4 5ಡಬ್ಲ್ಯು-40 ಸೂಪರ್ ಅಂತ ಕೊಡ್ತಿದ್ದಾರೆ.

#13 ಹುಬ್ಬಳ್ಳಿ_ಗ್ಯಾರೇಜ್

ಬ್ಯಾಡ್ರಿ! ಡಿಪಿಎಫ್ ಇದ್ದ ಗಾಡಿಗೆ ಎ3/ಬಿ4 ಹಾಕಬ್ಯಾಡ್ರಿ. ಅದರಾಗ ಸಲ್ಫೇಟೆಡ್ ಆ್ಯಶ್ ಅಂದ್ರ ಬೂದಿ ಶೇ. 1ರಿಂದ 1.6ತನಾ ಇರತೈತಿ. ಮಸಿ ಆದ್ರ ರೀಜನರೇಶನ್ (ಡಿಪಿಎಫ್ ತನ್ನ ಮಸಿ ತಾನ ಸುಡೂ ಹೊತ್ತು) ಟೈಮಿಗೆ ಸುಟ್ಟು ಹೋಗತೈತಿ, ಬೂದಿ ಸುಡಂಗಿಲ್ಲ, ಡಿಪಿಎಫ್‌ನಾಗ ಕುಂತೇ ಬಿಡತೈತಿ. ನಿಮಗ ಸಿ2 ಇಲ್ಲಾ ಸಿ3 ಬೇಕು, ಬೂದಿ ಶೇ. 0.8ರ ಒಳಗ. ಎರಡರಾಗ ಯಾವದು ಅಂತ ಪುಸ್ತಕದಾಗ ನೋಡ್ರಿ. ಸಿ2ದಾಗ ಎಚ್‌ಟಿಎಚ್‌ಎಸ್ 2.9 ಇದ್ರೂ ನಡೀತೈತಿ, ಸಿ3ಕ್ಕ 3.5 ಬೇಕು.

ಡಿಪ್‌ಸ್ಟಿಕ್ ಹದಿನೈದು ದಿನಕ್ಕೊಮ್ಮೆ ನೋಡ್ರಿ. ರೀಜನರೇಶನ್ ನಡುವ ಗಾಡಿ ಬಂದ್ ಮಾಡಿ ಮಾಡಿ ಇಟ್ರ, ಹೆಚ್ಚಿಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರ್ ಗೋಡಿ ಹಿಡದು ಕೆಳಗಿನ ಎಣ್ಣಿ ತೊಟ್ಟಿಗೆ (ಸಂಪ್) ಇಳೀತೈತಿ. ಎಣ್ಣಿ ಕಡಿಮಿ ಆಗೂದು ಬಿಟ್ಟು ಏರತೈತಿ. ಮ್ಯಾಲಿನ ಗೆರಿ ದಾಟಿತಂದ್ರ ಕಿಲೋಮೀಟರ್ ಎಷ್ಟರ ಇರಲಿ, ಎಣ್ಣಿ ತಗೀರಿ.

#14 ತೆಳುಗಟ್ಟಿ

+1. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಇರೋರಿಗೂ ಒಂದು ಸಾಲು: ಎಪಿಐ ಎಸ್‌ಎನ್ ಹಳೇ ಸ್ಟಾಕ್ ತಗೋಬೇಡಿ. ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ಪಾರ್ಕಿಗೆ ಮುಂಚೆಯೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯೋ ತೊಂದರೆ ಇದೆ. ಎಣ್ಣೆಯಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿದ್ದಷ್ಟೂ ಅದು ಹೆಚ್ಚು. 2020ರ ಮೇನಲ್ಲಿ ಬಂದ ಎಸ್‌ಪಿ ದರ್ಜೆಗೆ ಇದರ ಪರೀಕ್ಷೆಯೂ ಇದೆ, ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಇದೆ. ಸಿಟಿಯಲ್ಲಿ ಟರ್ಬೊ ಇಲ್ಲ, ಆದ್ರೆ ಟೈಮಿಂಗ್ ಚೈನ್ ಇದೆ. ಹಾಗಾಗಿ ಎಸ್‌ಪಿ ಸಿಗೋವಾಗ ಎಸ್‌ಎನ್ ಯಾಕೆ?

#15 ಬನಶಂಕರಿ_ಸಿಟಿ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಎಪಿಐ ಎಸ್‌ಪಿ 0ಡಬ್ಲ್ಯು-20 ಅಂತ ಹೆಚ್ಚುಕಡಿಮೆ ತೀರ್ಮಾನ. 15,000 ಕಿ.ಮೀ. ಪ್ರಶ್ನೆ ಹಾಗೇ ಉಳೀತು.

#16 ಘಾಟಿ_ಸವಾರ

10,000 ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಹೋಂಡಾ ಹೇಳೋದೂ ಅದೇ.

#17 ಗಂಟೆ_ಲೆಕ್ಕ

ಬೆಂಗಳೂರು ಟ್ರಾಫಿಕ್ಕಿಗೆ 10,000 ಕೂಡ ಜಾಸ್ತಿ ಅಂತ ನನ್ನ ಖಚಿತ ಅಭಿಪ್ರಾಯ. ಕಿಲೋಮೀಟರ್ ನೋಡೋದು ಬಿಟ್ಟು ಗಂಟೆ ಲೆಕ್ಕ ಹಾಕಿ. ಮೀಟರಿನಲ್ಲಿ ಸರಾಸರಿ ವೇಗ ತೋರಿಸುತ್ತಲ್ಲ, ಊರೊಳಗೆ 16 ಅಂತ ಇಟ್ಕೊಳ್ಳಿ. 10,000 ಭಾಗ 16, ಅಂದ್ರೆ 625 ಗಂಟೆ ಎಂಜಿನ್ ಓಡಿದೆ. ಹೈವೇಯಲ್ಲಿ ಸರಾಸರಿ 65 ಇದ್ರೆ ಅದೇ 10,000ಕ್ಕೆ 154 ಗಂಟೆ. ಓಡೋಮೀಟರ್ ಒಂದೇ, ಎಣ್ಣೆ ಪಟ್ಟ ಪಾಡು ನಾಲ್ಕು ಪಟ್ಟು. ಸಿಲ್ಕ್ ಬೋರ್ಡಿನಲ್ಲಿ ನಿಂತಿರೋವಾಗ ಕಿಲೋಮೀಟರ್ ಏರಲ್ಲ, ಎಣ್ಣೆ ಮಾತ್ರ ಬೇಯ್ತಾ ಇರುತ್ತೆ.

ಪುಸ್ತಕದಲ್ಲಿ ‘ಸಿವಿಯರ್ ಕಂಡಿಷನ್’ ಅಂತ ಒಂದು ಪಟ್ಟಿ ಇರುತ್ತೆ, ಯಾರೂ ಓದಲ್ಲ. ಹೆಚ್ಚು ಹೊತ್ತು ಐಡ್ಲಿಂಗ್, ನಿಂತು ನಿಂತು ಓಡಾಟ, ಧೂಳು, ಚಿಕ್ಕ ಚಿಕ್ಕ ದೂರ. ಬೆಂಗಳೂರು ಆ ಪಟ್ಟಿಯಲ್ಲೇ ಕೂತಿದೆ. ನನ್ನ ಸಲಹೆ 7,000–7,500 ಅಥವಾ ಒಂದು ವರ್ಷ. ತಿಂಗಳ ಮಂಗಳೂರು ಪ್ರಯಾಣ ಇರೋದ್ರಿಂದ 8,000 ತನಕ ತಳ್ಳಬಹುದು. ಆ ಒಂದು ಉದ್ದ ಓಟದಲ್ಲಿ ಎಣ್ಣೆಯೊಳಗಿನ ನೀರು, ಪೆಟ್ರೋಲ್ ಆವಿಯಾಗಿ ಹೋಗುತ್ತೆ, ಒಳ್ಳೇದೇ.

#18 ಮಂಡ್ಯ_ಮೈಲೇಜ್

ನಂಬೋಕಾಗಲ್ಲ. ಸಿಂಥೆಟಿಕ್ ಅಂತ ಮೂರು ಪಟ್ಟು ದುಡ್ಡು ಕೊಟ್ಟು ಮಿನರಲ್ ಥರಾನೇ 7,000ಕ್ಕೆ ತೆಗೀಬೇಕಾದ್ರೆ ಮಿನರಲ್ಲೇ ಹಾಕಿ 5,000ಕ್ಕೆ ತೆಗೀಬಹುದಲ್ಲ?

#19 ಗಂಟೆ_ಲೆಕ್ಕ

ಹಳೇ ಎಂಜಿನ್ನುಗಳಿಗೆ ಆ ಲೆಕ್ಕ ಸರಿ ಇತ್ತು, ಸರ್. ಈಗಿನ ಎಂಜಿನ್ನಿನಲ್ಲಿ ಪಿಸ್ಟನ್ನಿನ ಆಯಿಲ್ ರಿಂಗ್ ತೆಳು, ಎಣ್ಣೆ ವಾಪಸ್ ಹರಿಯೋ ತೂತು ಸಣ್ಣದು. ಕಡಿಮೆ ದರ್ಜೆಯ ಎಣ್ಣೆ ಅಲ್ಲಿ ಬೆಂದು ಕರಿ ಕಟ್ಟಿದ್ರೆ ರಿಂಗ್ ಸಿಕ್ಕಿಕೊಳ್ಳುತ್ತೆ, ಆಮೇಲೆ ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ಕುಡಿಯೋಕೆ ಶುರು. ಸಿಂಥೆಟಿಕ್ಕಿಗೆ ಕೊಡೋ ದುಡ್ಡು ಹೆಚ್ಚು ಕಿಲೋಮೀಟರಿಗೆ ಅಂತ ಅಂದ್ಕೋಬೇಡಿ, ಆ ರಿಂಗ್ ತೊಳೆದಿಟ್ಟಿರೋದಕ್ಕೆ ಅಂದ್ಕೊಳ್ಳಿ.

#20 ಕಡಲ_ರಸ್ತೆ

ಎಣ್ಣೆ ಎರಡು ಸಾವಿರಕ್ಕೇ ಕಪ್ಪಾದ್ರೆ ಹಾಳಾಯ್ತು ಅಂತ ಅಲ್ವಾ?

#21 ಹುಬ್ಬಳ್ಳಿ_ಗ್ಯಾರೇಜ್

ಅಲ್ರಿ. ಕಪ್ಪಾತಂದ್ರ ಡಿಟರ್ಜೆಂಟ್ ಕೆಲಸಾ ಮಾಡಾಕತ್ತೈತಿ, ಹೊಲಸು ತನ್ನ ಮೈಯಾಗ ಹಿಡಕೊಂಡೈತಿ. ಡೀಸೆಲ್ಲಿನಾಗ ಹಾಕಿದ ಮರುದಿನಾನ ಕಪ್ಪು. ಅಂಜಬೇಕಾದ್ದು ಬ್ಯಾರೆ. ಡಿಪ್‌ಸ್ಟಿಕ್ ವಾಸನಿ ನೋಡ್ರಿ, ಪೆಟ್ರೋಲ್ ಹೊಡದ್ರ ಕೆಟ್ಟದ್ದು. ಎಣ್ಣಿ ಹಾಕೂ ಮುಚ್ಚಳಾ ತಗದು ಒಳಗ ನೋಡ್ರಿ. ಹಾಲು ಹೆಚ್ಚಾದ ಚಾದ ಬಣ್ಣದ ಜಿಡ್ಡು ಕಂಡ್ರ ನೀರು ಸೇರೈತಿ. ಮಳಿಗಾಲದಾಗ ಎರಡು-ಮೂರು ಕಿ.ಮೀ. ಅಷ್ಟ ಓಡಾಡೂ ಗಾಡಿಗೆ ಇದು ಮಾಮೂಲಿ, ಒಂದು ತಾಸು ಹೈವೇ ಓಡಿಸಿದ್ರ ಹೋಗತೈತಿ. ಹೋಗಲಿಲ್ಲ, ಮ್ಯಾಲ ಕೂಲೆಂಟೂ ಕಡಿಮಿ ಆಗಾಕತ್ತೈತಿ ಅಂದ್ರ ಹೆಡ್ ಗ್ಯಾಸ್ಕೆಟ್ ನೋಡಸ್ರಿ, ತಡಾ ಮಾಡಬ್ಯಾಡ್ರಿ.

#22 ಜೆಸಿ_ರೋಡ್

ಬ್ರ್ಯಾಂಡ್ ಪ್ರಶ್ನೆಗೆ ಬರ್ತೀನಿ. ದರ್ಜೆ ಸರಿಯಿದ್ರೆ ಮೊಬಿಲ್ 1, ಶೆಲ್, ಕ್ಯಾಸ್ಟ್ರಾಲ್, ಮೋಟುಲ್, ಇಂಡಿಯನ್ ಆಯಿಲ್‌ನ ಸರ್ವೋ ಯಾವುದಾದ್ರೂ ನಡೆಯುತ್ತೆ. ಬ್ರ್ಯಾಂಡಿಗಿಂತ ದೊಡ್ಡ ಪ್ರಶ್ನೆ ಕ್ಯಾನಿನೊಳಗೆ ಇರೋದು ಅಸಲಿಯಾ ಅನ್ನೋದು. ಖಾಲಿ ಕ್ಯಾನಿಗೆ ಸೋಸಿದ ಸುಟ್ಟ ಎಣ್ಣೆ ತುಂಬಿ ಮಾರೋ ದಂಧೆ ಇರೋದೇ.

ಮುಚ್ಚಳದ ಕೆಳಗಿನ ಉಂಗುರ ಪೂರ್ತಿ ಕೂಡಿಕೊಂಡಿರಬೇಕು, ತಿರುಗಿಸಿದಾಗ ಟಕ್ ಅಂತ ಹರೀಬೇಕು. ಒಳಗಿನ ಫಾಯಿಲ್ ಅಂಚು ಒಂದೇ ಸಮ ಇರಬೇಕು, ಗೋಂದು ಆಚೆ ಬಂದಿದ್ರೆ ಬೇಡ. ಬ್ಯಾಚ್ ನಂಬರ್ ಮತ್ತು ತಾರೀಖು ಕ್ಯಾನಿನ ಮೇಲೇ ಅಚ್ಚಾಗಿರುತ್ತೆ, ಬೆರಳಲ್ಲಿ ಉಜ್ಜಿದ್ರೆ ಅಳಿಸಬಾರದು. ರಟ್ಟಿನ ಪೆಟ್ಟಿಗೆಯ ಬ್ಯಾಚ್ ನಂಬರಿಗೂ ಕ್ಯಾನಿನ ನಂಬರಿಗೂ ತಾಳೆ ನೋಡಿ. ಕ್ಯೂಆರ್ ಕೋಡ್ ಇದ್ರೆ ಅದು ಕಂಪನಿಯ ಪುಟಕ್ಕೇ ಹೋಗುತ್ತಾ ಅಂತ ನೋಡಿ. ಬಿಲ್ ಇಲ್ಲದೆ ತಗೋಬೇಡಿ, ಕಂಪನಿಯ ಪೆಟ್ರೋಲ್ ಬಂಕ್ ಅಥವಾ ಅಧಿಕೃತ ಡಿಸ್ಟ್ರಿಬ್ಯೂಟರ್ ಹತ್ತಿರ ತಗೊಳ್ಳಿ. ಗ್ಯಾರೇಜಿನಲ್ಲಿ ಡ್ರಮ್ಮಿನಿಂದ ಲೂಸ್ ಎಣ್ಣೆ ಹಾಕಿಸ್ಕೋಬೇಡಿ. ಆಯಿಲ್ ಚೇಂಜ್ ಆದ ಮೇಲೆ ಖಾಲಿ ಕ್ಯಾನಿಗೆ ಚಾಕು ಹಾಕಿ ಸೀಳಿ ಬಿಸಾಡಿ. ಇದನ್ನ ದಯವಿಟ್ಟು ಎಲ್ಲರೂ ಮಾಡಿ, ನಕಲಿ ದಂಧೆಗೆ ಬೇಕಾಗಿರೋದೇ ಆ ಕ್ಯಾನ್.

#23 ಸ್ಟುಟ್‌ಗಾರ್ಟ್_ಕನ್ನಡಿಗ

ಇದಕ್ಕೆ ಸೇರಿಸಿ: ಎಪಿಐ ಲೈಸೆನ್ಸ್ ಪಡೆದ ಎಣ್ಣೆಗಳ ಪಟ್ಟಿ ಅವರ ಜಾಲತಾಣದಲ್ಲಿ ಯಾರು ಬೇಕಾದ್ರೂ ಹುಡುಕಬಹುದು. ಕ್ಯಾನಿನ ಹಿಂದೆ ಉರುಟು ಡೋನಟ್ ಗುರುತು ಇರಬೇಕು. 0ಡಬ್ಲ್ಯು-20ರಂಥ ಜಿಎಫ್-6ಎ ಎಣ್ಣೆಗೆ ಮುಂದೆ ನಕ್ಷತ್ರದ ಥರ ಹಲ್ಲು ಹಲ್ಲಿನ ಚಕ್ರ ಇರುತ್ತೆ, 0ಡಬ್ಲ್ಯು-16ಕ್ಕೆ ಗುರಾಣಿ ಗುರುತು. ಗುರಾಣಿ ಇರೋದನ್ನ 0ಡಬ್ಲ್ಯು-20 ಕೇಳೋ ಎಂಜಿನ್ನಿಗೆ ಹಾಕಬೇಡಿ.

#24 ಸ್ಕೂಟರ್_ಸುಬ್ಬಿ

ಕಾರಿಗೆ ಹಾಕಿ ಉಳಿದ ಎಣ್ಣೆ ಬೈಕಿಗೆ ಹಾಕಬಹುದಾ? ಅರ್ಧ ಲೀಟರ್ ವೇಸ್ಟ್ ಆಗುತ್ತಲ್ಲ.

#25 ತೆಳುಗಟ್ಟಿ

ಗೇರ್ ಬೈಕಿಗೆ ಬೇಡ ಮೇಡಂ. ಅದರಲ್ಲಿ ಕ್ಲಚ್ ಪ್ಲೇಟ್ ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತೆ. ಕಾರಿನ ತೆಳು ಎಣ್ಣೆಯಲ್ಲಿ ಘರ್ಷಣೆ ಕಡಿಮೆ ಮಾಡೋ ಮದ್ದು ಇರುತ್ತೆ, ಕ್ಲಚ್ ಜಾರುತ್ತೆ. ಬೈಕಿಗೆ ಜಾಸೋ (ಜಪಾನಿನ ಬೈಕ್ ಎಣ್ಣೆ ದರ್ಜೆ) ಎಂಎ ಅಥವಾ ಎಂಎ2 ಅಂತಿರಬೇಕು. ಗೇರ್ ಇಲ್ಲದ ಸ್ಕೂಟರಿನಲ್ಲಿ ಒಣ ಕ್ಲಚ್, ಅದಕ್ಕೆ ಎಂಬಿ, ಆದ್ರೆ ಗ್ರೇಡ್ ಅದರ ಪುಸ್ತಕದ್ದೇ. ಉಳಿದ ಎಣ್ಣೆ ಮುಚ್ಚಳ ಬಿಗಿ ಮಾಡಿ ನೆರಳಲ್ಲಿಡಿ, ಟಾಪ್-ಅಪ್‌ಗೆ ಬರುತ್ತೆ.

#26 ಸಿವಿಟಿ_ಮಾಲೀಕ

ಸಿಟಿ ಸಿವಿಟಿಯ (ಬೆಲ್ಟಿನ ಆಟೊಮ್ಯಾಟಿಕ್) ಗೇರ್‌ಬಾಕ್ಸಿಗೂ ಸಿಂಥೆಟಿಕ್ ಎಂಜಿನ್ ಆಯಿಲ್ ಹಾಕಬಹುದಾ?

#27 ಘಾಟಿ_ಸವಾರ

ಯಾವ ಕಾರಣಕ್ಕೂ ಬೇಡ! ಅದಕ್ಕೆ ಎಚ್‌ಸಿಎಫ್-2 ದ್ರವ ಮಾತ್ರ. ಬೆಲ್ಟ್ ಹಿಡಿತವೇ ಆ ದ್ರವದ ಮೇಲೆ ನಿಂತಿದೆ. ಬೇರೆ ಹಾಕಿದ್ರೆ ಬೆಲ್ಟ್ ಜಾರಿ ಪುಲ್ಲಿ ಗೀರುತ್ತೆ.

#28 ಬನಶಂಕರಿ_ಸಿಟಿ

ಗ್ಯಾರೇಜಿನಲ್ಲಿ ನಾನು ನಿಂತು ನೋಡೋವಾಗ ಏನೇನು ಗಮನಿಸಬೇಕು? 4 ಲೀಟರ್ ಕ್ಯಾನ್ ತಂದಿದ್ದೀನಿ, ಪೂರ್ತಿ ಹಾಕ್ತೀನಿ ಅಂತಾರೆ.

#29 ಪಾನಾ_ಪೆಟ್ಟಿಗೆ

ಪೂರ್ತಿ ಹಾಕೋದು ಬೇಡ! ಈ ಎಂಜಿನ್ನಿಗೆ ಫಿಲ್ಟರ್ ಸಮೇತ 3.6 ಲೀಟರ್, ಫಿಲ್ಟರ್ ಬದಲಿಸದಿದ್ರೆ 3.4. ಹೆಚ್ಚಾದ್ರೆ ಕ್ರ್ಯಾಂಕ್ ಎಣ್ಣೆಯನ್ನ ಕಡೆದು ನೊರೆ ಎಬ್ಬಿಸುತ್ತೆ, ನೊರೆಯನ್ನ ಪಂಪ್ ಎಳೆದ್ರೆ ಒತ್ತಡ ಬೀಳುತ್ತೆ.

ಎಂಜಿನ್ ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ. ಪೂರ್ತಿ ಕುದಿಯೋ ಬಿಸಿ ಬೇಡ, ಕೈ ಸುಡುತ್ತೆ. ಎಣ್ಣೆ ಹಾಕೋ ಮುಚ್ಚಳ ಮೊದಲೇ ತೆಗೆದಿಡಿ, ಕೆಳಗಿಂದ ಸಲೀಸಾಗಿ ಇಳಿಯುತ್ತೆ. ಡ್ರೈನ್ ಬೋಲ್ಟಿಗೆ 17ರ ರಿಂಗ್ ಪಾನಾ. ಓಪನ್ ಪಾನಾ ಹಾಕೋಕೆ ಬಿಡಬೇಡಿ, ಮೂಲೆ ಸವೆದು ಬೋಲ್ಟ್ ಉರುಟಾಗುತ್ತೆ. ಎಳೆಯಷ್ಟು ಸಣ್ಣಗೆ ಬಂದು ತೊಟ್ಟಿಕ್ಕೋ ತನಕ, ಹತ್ತು ಹದಿನೈದು ನಿಮಿಷ, ಕಾಯಿರಿ.

ಬೋಲ್ಟಿನ ತಲೆಯ ಕೆಳಗೆ ಒಂದು ಅಲ್ಯೂಮಿನಿಯಂ ವಾಷರ್ ಇರುತ್ತೆ, 14 ಮಿ.ಮೀ. ಬೋಲ್ಟಿನದು. ಒಂದು ಸಲ ಬಿಗಿದ ಮೇಲೆ ಅದು ಚಪ್ಪಟೆಯಾಗಿ ಬೋಲ್ಟಿಗೆ ಅಂಟಿಕೊಂಡಿರುತ್ತೆ, ಬೋಲ್ಟಿನದೇ ಭಾಗ ಅನ್ನೋ ಹಾಗೆ ಕಾಣುತ್ತೆ. ಅದನ್ನ ಕಿತ್ತು ಪ್ರತಿ ಸಲ ಹೊಸದು ಹಾಕಬೇಕು. ಹಳೇದೇ ಇದ್ರೆ ಜಿನುಗುತ್ತೆ, ಜಿನುಗುತ್ತೆ ಅಂತ ಇನ್ನೂ ಬಿಗೀತಾರೆ, ಕೊನೆಗೆ ಅಲ್ಯೂಮಿನಿಯಂ ಸಂಪಿನ ಮರೆ (ತಿರುಪಿನ ಗೆರೆ) ಕಿತ್ತು ಬರುತ್ತೆ. ಟಾರ್ಕ್ 40 ನ್ಯೂಟನ್ ಮೀಟರ್ ಸಾಕು. ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೀತಿದ್ರೆ ನಿಲ್ಲಿಸಿ.

ಹಳೇ ಫಿಲ್ಟರ್ ಬಿಚ್ಚಿದ ತಕ್ಷಣ ಅದರ ಬಾಯಿ ನೋಡಿ. ಕಪ್ಪು ರಬ್ಬರ್ ಉಂಗುರ ಫಿಲ್ಟರಿನಲ್ಲೇ ಇರಬೇಕು. ಕೆಲವು ಸಲ ಅದು ಎಂಜಿನ್ನಿಗೆ ಅಂಟಿಕೊಂಡು ಮೇಲೇ ಉಳಿದುಬಿಡುತ್ತೆ, ಎರಡೂ ಕಪ್ಪಾದ್ರಿಂದ ಕಣ್ಣಿಗೆ ಕಾಣಲ್ಲ. ಬೆರಳಾಡಿಸಿ ನೋಡಬೇಕು. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದ್ರೆ ರಬ್ಬರ್ ಮೇಲೆ ರಬ್ಬರ್ ಆಗುತ್ತೆ, ಗ್ಯಾರೇಜಿನಲ್ಲಿ ಸೋರಲ್ಲ, ರಸ್ತೆಯಲ್ಲಿ ಒತ್ತಡ ಏರಿದಾಗ ಒಂದೇ ಸಲಕ್ಕೆ ಎಣ್ಣೆಯೆಲ್ಲ ಹೊರಗೆ. ಹೊಸ ಫಿಲ್ಟರಿನ ಉಂಗುರಕ್ಕೆ ಹೊಸ ಎಣ್ಣೆ ಸವರಿ, ಕೈಯಲ್ಲಿ ತಿರುಗಿಸಿ, ಉಂಗುರ ತಾಕಿದ ಮೇಲೆ ಮುಕ್ಕಾಲು ಸುತ್ತು. ಅಷ್ಟೇ.

ಆಮೇಲೆ 3.3 ಲೀಟರ್ ಸುರಿದು, ಒಂದೆರಡು ನಿಮಿಷ ಐಡ್ಲಿಂಗ್. ಎಣ್ಣೆ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆಫ್ ಮಾಡಿ ಮೂರು ನಿಮಿಷ ಬಿಟ್ಟು, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಒರೆಸಿ ಮತ್ತೆ ಹಾಕಿ ತೆಗೆದು ನೋಡಿ. ಉಳಿದದ್ದನ್ನ ನೂರು ನೂರು ಮಿಲಿ ಸೇರಿಸಿ. ಮೇಲಿನ ಗುರುತಿಗೆ ಒಂದು ಕೂದಲೆಳೆ ಕೆಳಗೆ ನಿಲ್ಲಿಸಿದ್ರೆ ಒಳ್ಳೇದು.

#30 ಮಂಡ್ಯ_ಮೈಲೇಜ್

ಎಂಜಿನ್ ಫ್ಲಶ್ ಹಾಕಿಸಬೇಕಾ? ಎಲ್ಲ ಕಡೆ ಬಿಲ್ಲಿಗೆ ಸೇರಿಸ್ತಾರೆ.

#31 ಪಾನಾ_ಪೆಟ್ಟಿಗೆ

ಸರಿಯಾಗಿ ಸರ್ವಿಸ್ ಆಗಿರೋ 71,000ದ ಕಾರಿಗೆ ಬೇಡ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಕ್ಯಾಮ್ ಲೋಹದ ಬಣ್ಣ ಅಥವಾ ಜೇನಿನ ಬಣ್ಣದಲ್ಲಿದ್ರೆ ಒಳಗೆ ಚೊಕ್ಕ ಇದೆ. ಕರಿ ಗಸಿ ಗಟ್ಟಿಯಾಗಿ ಕೂತಿದ್ರೆ ಫ್ಲಶ್ ಇನ್ನೂ ಅಪಾಯ, ಒಂದೇ ಸಲ ಕಿತ್ತು ಬಂದು ಪಂಪಿನ ಪಿಕಪ್ ಜಾಲರಿ ಕಟ್ಟುತ್ತೆ. ಅಂಥ ಎಂಜಿನ್ನಿಗೆ ಒಳ್ಳೆ ಎಣ್ಣೆ ಹಾಕಿ, ಎರಡು ಸಲ 3,000 ಕಿ.ಮೀ.ಗೆ ಬದಲಿಸಿ, ನಿಧಾನಕ್ಕೆ ಕರಗಲಿ.

#32 ಕಡಲ_ರಸ್ತೆ

ಸುಟ್ಟ ಎಣ್ಣೆಯನ್ನು ಗ್ಯಾರೇಜಲ್ಲೇ ಬಿಟ್ಟು ಬರುವುದಾ? ಊರಲ್ಲಿ ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದ ಹಾಗೆ ಬಳೀಲಿಕ್ಕೆ ಕೇಳ್ತಾರೆ.

#33 ಜೆಸಿ_ರೋಡ್

ಬಳೀಬೇಡಿ ಸರ್. ಕರಾವಳಿ ಮಳೆಗೆ ಅದು ತೊಳೆದು ಬಾವಿಗೇ ಇಳಿಯುತ್ತೆ. ಬಳಸಿದ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಗ್ಯಾರೇಜಿನವರು ಡ್ರಮ್ಮಿನಲ್ಲಿ ಶೇಖರಿಸಿ ಅವರಿಗೆ ಕೊಡ್ತಾರಾ ಅಂತ ಕೇಳಿ. ಚರಂಡಿಗೆ ಸುರಿಯೋ ಗ್ಯಾರೇಜಿಗೆ ಹೋಗಲೇಬೇಡಿ.

#34 ಬನಶಂಕರಿ_ಸಿಟಿ

ಆಯ್ತು. ಎಪಿಐ ಎಸ್‌ಪಿ 0ಡಬ್ಲ್ಯು-20, ಹೊಸ ವಾಷರ್, ಹೊಸ ಫಿಲ್ಟರ್, 8,000ಕ್ಕೆ ಮುಂದಿನದು. ಮಂಗಳೂರಿನ ದಾರಿಯಲ್ಲಿ ಎಣ್ಣೆ ಕಡಿಮೆ ಅನಿಸಿ, ಸಕಲೇಶಪುರದಲ್ಲಿ 0ಡಬ್ಲ್ಯು-20 ಸಿಗದಿದ್ರೆ ಏನು ಮಾಡ್ಲಿ?

#35 ತೆಳುಗಟ್ಟಿ

ಎಪಿಐ ಗುರುತಿರೋ ಯಾವ 5ಡಬ್ಲ್ಯು-30 ಸಿಕ್ಕಿದ್ರೂ ಅರ್ಧ ಲೀಟರ್ ಸೇರಿಸಿ ಹೊರಡಿ. ಒಂದರ ಜೊತೆ ಒಂದು ಬೆರೆಯಲೇಬೇಕು ಅನ್ನೋದು ಎಪಿಐ ದರ್ಜೆಯ ಕಟ್ಟಳೆಯಲ್ಲೇ ಇದೆ, ಮಿನರಲ್ ಜೊತೆ ಸಿಂಥೆಟಿಕ್ ಸೇರಿದ್ರೆ ಮೊಸರಾಗುತ್ತೆ ಅನ್ನೋದು ಸುಳ್ಳು. ಕಡಿಮೆ ಎಣ್ಣೆಯಲ್ಲಿ ಘಾಟಿ ಇಳಿಯೋದು ಮಾತ್ರ ಬೇಡ. ತಿರುವುಗಳಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಗುತ್ತೆ.

#36 ಹುಬ್ಬಳ್ಳಿ_ಗ್ಯಾರೇಜ್

ಹೊಸಾ ಎಣ್ಣಿ ಹಾಕಿದ ಮ್ಯಾಲ 1,000 ಕಿ.ಮೀ.ಗೆ ಒಮ್ಮೆ ಡಿಪ್‌ಸ್ಟಿಕ್ ನೋಡಿ ಇಲ್ಲೇ ಬರೀರಿ. ಎಷ್ಟು ಇಳದೈತಿ ಅಂತ ಗೊತ್ತಾದ್ರ ಗ್ರೇಡ್ ಬದಲಿ ಮಾಡೂದು ಬೇಕೋ ಬ್ಯಾಡೋ ಅಂತ ಹೇಳಾಕ ಬರತೈತಿ.